ಒಂದೇ ಕರುಳು, ಎರಡು ರಿಪೋರ್ಟು

ಪ್ರಶ್ನೆ: ನಮ್ಮದು ಶಿರಸಿ ಹತ್ತಿರದ ಹಳ್ಳಿ. ತಂಗಿಗೆ 24 ವರ್ಷ. ಐದು ತಿಂಗಳಿಂದ ಹೊಟ್ಟೆನೋವು, ದಿನಕ್ಕೆ ನಾಲ್ಕೈದು ಸಲ ಭೇದಿ, ನಡುನಡುವೆ ರಕ್ತ. ತೂಕ 7 ಕೆಜಿ ಇಳಿದಿದೆ. ಮೂಲವ್ಯಾಧಿ ಅಂದುಕೊಂಡೇ ಎರಡು ತಿಂಗಳು ಕಳೆದೆವು. ಆಮೇಲೆ ಹುಬ್ಬಳ್ಳಿಯಲ್ಲಿ ಕೊಲೊನೋಸ್ಕೋಪಿ (ದೊಡ್ಡ ಕರುಳಿನೊಳಗೆ ಕ್ಯಾಮೆರಾ ಕೊಳವೆ ಹಾಕಿ ನೋಡುವುದು) ಮಾಡಿ ಬಯಾಪ್ಸಿಗೆ ತುಣುಕು ತೆಗೆದರು. ‘ಕ್ರಾನಿಕ್ ಆಕ್ಟಿವ್ ಕೊಲೈಟಿಸ್, ಐಬಿಡಿ ಇರಬಹುದು, ಕ್ಲಿನಿಕಲ್ ಕೋರಿಲೇಶನ್ ಬೇಕು’ ಅಂತ ಬಂತು. ಐಬಿಡಿ ಅಂದರೆ ಕರುಳಿನ ದೀರ್ಘಕಾಲದ ಉರಿಯೂತದ ಕಾಯಿಲೆಯಂತೆ. ಸಮಾಧಾನ ಆಗಲಿಲ್ಲ. ಅದೇ ಬ್ಲಾಕನ್ನು ಕರಾವಳಿಯ ಇನ್ನೊಂದು ಲ್ಯಾಬಿಗೆ ಕೊಟ್ಟೆವು. ಅವರು ‘ಗ್ರಾನ್ಯುಲೋಮಾ ಕಂಡಿದೆ, ಟಿಬಿ ಅಲ್ಲವೆಂದು ಖಚಿತಪಡಿಸಿಕೊಳ್ಳಿ’ ಅಂದರು. ಈಗ ಒಬ್ಬ ಡಾಕ್ಟರು ಸ್ಟೀರಾಯ್ಡ್ ಅನ್ನುತ್ತಾರೆ, ಇನ್ನೊಬ್ಬರು ಟಿಬಿ ಮಾತ್ರೆ ಅನ್ನುತ್ತಾರೆ. ಒಂದೇ ತುಣುಕು ನೋಡಿ ಇಬ್ಬರು ಬೇರೆ ಬೇರೆ ಹೇಳುವುದು ಹೇಗೆ? ಯಾರದ್ದು ಸರಿ? ಮತ್ತೆ ಸ್ಕೋಪಿ ಮಾಡಿಸಬೇಕಾ? ಆಯಿ ಕೊಡಸಿಗೆ ಕಷಾಯ ಕೊಡುತ್ತಿದ್ದಾರೆ. ನಿಲ್ಲಿಸಬೇಕಾ?

ಉತ್ತರ: ಮೊದಲೇ ಹೇಳಿಬಿಡುತ್ತೇನೆ, ನಿಮ್ಮ ಕೈಯಲ್ಲಿರುವ ಎರಡು ರಿಪೋರ್ಟುಗಳಿಗೆ ಜಗಳ ಇಲ್ಲ. ಎರಡನೆಯದು ಮೊದಲನೆಯದರ ಮುಂದಿನ ಪುಟ, ಅಷ್ಟೇ. ಸ್ಲೈಡನ್ನು ನಾನು ಕಣ್ಣಾರೆ ನೋಡಿಲ್ಲ. ಹಾಗಾಗಿ ತಂಗಿಗೆ ಇಂಥದ್ದೇ ಕಾಯಿಲೆ ಅಂತ ಇಲ್ಲಿ ಕೂತು ಹೇಳಲು ಬರುವುದಿಲ್ಲ. ಆದರೆ ಆ ತುಣುಕಿನಿಂದ ಎಷ್ಟು ತಿಳಿಯುತ್ತದೆ, ಎಷ್ಟು ತಿಳಿಯುವುದಿಲ್ಲ ಅನ್ನುವುದನ್ನು ಹೇಳಬಲ್ಲೆ. ಸುಮಾರು ಮೂವತ್ತು ವರ್ಷದಿಂದ ಇಲ್ಲಿ ಕರಾವಳಿಯಲ್ಲಿ ಪೆಥಾಲಜಿಸ್ಟ್ ಆಗಿ ಮೈಕ್ರೋಸ್ಕೋಪಿನ ಮುಂದೆ ಕೂತು ಮಾಡುತ್ತಿರುವುದು ಅದೇ ಕೆಲಸ.

ಬಯಾಪ್ಸಿ ಅಂದರೆ ಅದೇ ಕೊನೆಯ ಮಾತು ಅಂತ ಜನ ನಂಬಿದ್ದಾರೆ. ‘ತುಣುಕು ಕಳಿಸಿದ್ದಾರೆ, ಇನ್ನು ಗೊತ್ತಾಗಿಬಿಡ್ತದೆ’ ಅನ್ನುತ್ತಾರೆ. ಗಡ್ಡೆ ಇದ್ದಾಗ ಅದು ಬಹುಮಟ್ಟಿಗೆ ನಿಜ. ಕರುಳಿನ ಉರಿಯೂತದಲ್ಲಿ ಹಾಗಲ್ಲ. ಕರುಳಿಗೆ ಯಾರು ಹೊಡೆದರೂ ಅದು ಅಳುವ ರೀತಿ ನಾಲ್ಕೈದೇ. ಅಮೀಬಾ ಇರಲಿ, ಟಿಬಿ ಇರಲಿ, ಸೊಂಟನೋವಿಗೆ ನುಂಗಿದ ಮಾತ್ರೆ ಇರಲಿ, ಐಬಿಡಿ ಗುಂಪಿನ ಕ್ರೋನ್ಸ್ ಅಥವಾ ಅಲ್ಸರೇಟಿವ್ ಕೊಲೈಟಿಸ್ ಇರಲಿ, ಎಲ್ಲದರಲ್ಲೂ ಕೆಂಪಾಗುತ್ತದೆ, ಹುಣ್ಣಾಗುತ್ತದೆ, ಬಿಳಿ ರಕ್ತಕಣ ನುಗ್ಗುತ್ತವೆ. ನಾವು ನೋಡುವುದು ಪೆಟ್ಟಿನ ಗುರುತು. ಹೊಡೆದವರು ಯಾರು ಅನ್ನುವುದನ್ನು ಆ ಗುರುತಿನಿಂದ ಊಹಿಸಬೇಕು.

ಅದೂ ಎಷ್ಟು ದೊಡ್ಡ ಗುರುತು? ದೊಡ್ಡ ಕರುಳಿನ ಉದ್ದ ಸುಮಾರು ಒಂದೂವರೆ ಮೀಟರ್. ಸ್ಕೋಪಿನ ಚಿಮಟ ಕಚ್ಚಿ ತರುವುದು ಅಕ್ಕಿ ನುಚ್ಚಿನಷ್ಟು, ಎರಡು ಮೂರು ಮಿಲಿಮೀಟರ್. ಅದರಲ್ಲಿ ಕರುಳಿನ ಒಳಪದರ ಇರುತ್ತದೆ, ಅದರ ಕೆಳಗಿನದು ಒಂದು ಚೂರು ಇದ್ದರೆ ಇತ್ತು. ಗೋಡೆಯ ದಪ್ಪ ಸ್ನಾಯು ಬರುವುದಿಲ್ಲ, ಬರಲೂಬಾರದು, ಬಂದರೆ ಕರುಳು ತೂತಾದ ಹಾಗೆ. ಕ್ರೋನ್ಸ್ ಕಾಯಿಲೆಯ ಮುಖ್ಯ ಗುಣವೇ ಗೋಡೆಯ ಪೂರ್ತಿ ದಪ್ಪಕ್ಕೂ ಇಳಿಯುವುದು. ಆ ಗುಣವನ್ನು ಬಯಾಪ್ಸಿಯಲ್ಲಿ ನೋಡಲು ಸಾಧ್ಯವೇ ಇಲ್ಲ. ಗೋಡೆಗೆ ಹೊಡೆದ ಸುಣ್ಣ ಕೆರೆದು ಮನೆಯ ಅಡಿಪಾಯ ಹೇಗಿದೆ ಹೇಳಿ ಅಂದ ಹಾಗೆ.

ನುಚ್ಚು, ಅದು ಕೊಳೆಯದಂತೆ ಇಡುವ ಫಾರ್ಮಲಿನ್ ಬಾಟಲಿಯಲ್ಲಿ ನಮ್ಮಲ್ಲಿಗೆ ಬರುತ್ತದೆ. ರಾತ್ರಿಯಿಡೀ ಯಂತ್ರದಲ್ಲಿ ಅದರ ನೀರಿನಂಶ ತೆಗೆದು ಮೇಣ ಕುಡಿಸುತ್ತೇವೆ. ಬೆಳಿಗ್ಗೆ ಅದು ಮೇಣದ ಪುಟ್ಟ ಇಟ್ಟಿಗೆಯಲ್ಲಿ ಕೂತಿರುತ್ತದೆ. ನೀವು ಒಯ್ದ ‘ಬ್ಲಾಕ್’ ಅದೇ. ನಮ್ಮ ಟೆಕ್ನೀಷಿಯನ್ ಅದನ್ನು ಮೈಕ್ರೋಟೋಮ್ ಅನ್ನುವ ಕತ್ತರಿಸುವ ಯಂತ್ರಕ್ಕೆ ಸಿಕ್ಕಿಸಿ ಹಿಡಿ ತಿರುಗಿಸಿದರೆ ಮೇಣದ ಎಳೆ ರಿಬ್ಬನ್ನಿನ ಹಾಗೆ ಬರುತ್ತಾ ಹೋಗುತ್ತದೆ. ಒಂದೊಂದು ಪದರ ನಾಲ್ಕು ಮೈಕ್ರಾನ್, ಅಂದರೆ ಒಂದು ಮಿಲಿಮೀಟರಿನಲ್ಲಿ 250 ಪದರ. ಆ ರಿಬ್ಬನ್ನನ್ನು ಬಿಸಿನೀರಿನ ಮೇಲೆ ತೇಲಿಬಿಟ್ಟು, ಸುಕ್ಕು ಬಿಡಿಸಿ, ಗಾಜಿನ ಮೇಲೆ ಎತ್ತುತ್ತಾರೆ. ಆಗ ಉಸಿರು ಬಿಗಿಹಿಡಿದೇ ನಿಂತಿರುತ್ತಾರೆ. ಫ್ಯಾನ್ ಹಾಕಿದರೆ ಮುಗೀತು. ಆಮೇಲೆ ಎರಡು ಬಣ್ಣ. ಹೆಮಟಾಕ್ಸಿಲಿನ್ ಅನ್ನುವುದು ಮಧ್ಯ ಅಮೆರಿಕದ ಒಂದು ಮರದ ಚೇಗಿನಿಂದ ತೆಗೆದ ಬಣ್ಣ, ಕೋಶದ ನಡುಬೀಜವನ್ನು ನೀಲಿ ಮಾಡುತ್ತದೆ. ಇಯೋಸಿನ್ ಉಳಿದದ್ದನ್ನು ನೀರು ಜಾಸ್ತಿಯಾದ ಮುರುಗಲ ಪಾನಕದ ಬಣ್ಣಕ್ಕೆ ತರುತ್ತದೆ.

ಈಗ ಲೆಕ್ಕ ಹಾಕಿ. ಎರಡು ಮಿಲಿಮೀಟರ್ ದಪ್ಪದ ನುಚ್ಚಿನಲ್ಲಿ 500 ಪದರ ಕತ್ತರಿಸಬಹುದು. ಮಾಮೂಲಿಯಾಗಿ ನಾವು ನೋಡುವುದು ಬೆರಳೆಣಿಕೆಯಷ್ಟು. ಗ್ರಾನ್ಯುಲೋಮಾ ಒಂದು 100 ಮೈಕ್ರಾನ್ ಇದ್ದರೆ ಅದು ಇರುವುದು ಬರೀ 25 ಪದರಗಳಲ್ಲಿ. ಮೊದಲ ಲ್ಯಾಬಿನವರು ಕತ್ತರಿಸಿದ ಜಾಗದಲ್ಲಿ ಅದು ಬರದೇ ಇದ್ದಿರಬಹುದು. ಎರಡನೆಯವರು ಅದೇ ಬ್ಲಾಕನ್ನು ಇನ್ನೂ ಆಳಕ್ಕೆ ಕತ್ತರಿಸಿರುತ್ತಾರೆ, ಅಲ್ಲಿ ಸಿಕ್ಕಿತು. ಹಲಸಿನ ಹಣ್ಣನ್ನು ಒಂದು ಕಡೆ ಕೊಯ್ದರೆ ಬರೀ ಸಾರೆ ಸಿಗಬಹುದು, ಇನ್ನೊಂದು ಕಡೆ ಕೊಯ್ದರೆ ಬೇಳೆ ಸಿಗಬಹುದು. ‘ಒಂದೇ ತುಣುಕು ನೋಡಿ ಇಬ್ಬರು ಬೇರೆ ಬೇರೆ’ ಅನ್ನುವ ನಿಮ್ಮ ಪ್ರಶ್ನೆಗೆ ಅರ್ಧ ಉತ್ತರ ಇಲ್ಲೇ ಇದೆ. ಅವರು ನೋಡಿದ್ದು ಒಂದೇ ಬ್ಲಾಕ್, ಒಂದೇ ಪದರ ಅಲ್ಲ.

ಇನ್ನು ಮೊದಲ ರಿಪೋರ್ಟಿನ ಮಾತು. ‘ಕ್ರಾನಿಕ್’ ಅಂದರೆ ಹಳೆಯದು. ‘ಆಕ್ಟಿವ್’ ಅಂದರೆ ಈಗಲೂ ಉರಿಯುತ್ತಿದೆ. ಈ ಎರಡು ಶಬ್ದ ಸುಮ್ನೆ ಬರೆಯುವುದಲ್ಲ. ನನ್ನ ಲೆಕ್ಕದಲ್ಲಿ ಇಡೀ ಪರೀಕ್ಷೆಯಲ್ಲಿ ಅತಿ ನಂಬಿಕಸ್ಥ ಭಾಗ ಇದೇ.

ನಿಮ್ಮ ಕಡೆ ಅಡಿಕೆ ತೋಟ ಇದೆ, ಅಲ್ವಾ? ಆರೋಗ್ಯವಾಗಿರುವ ದೊಡ್ಡ ಕರುಳಿನ ಒಳಪದರ ಹಾಗೇ ಕಾಣುತ್ತದೆ. ಕ್ರಿಪ್ಟ್ ಅನ್ನುವ ಸಣ್ಣ ಸಣ್ಣ ಕೊಳವೆಗಳು ಸಾಲಾಗಿ, ನೆಟ್ಟಗೆ, ಒಂದೇ ಅಂತರದಲ್ಲಿ ನಿಂತಿರುತ್ತವೆ. ಎಲ್ಲದರ ಬುಡವೂ ಕೆಳಗಿನ ತೆಳು ಸ್ನಾಯುಪದರವನ್ನು ಮುಟ್ಟಿರುತ್ತದೆ. ನಾಲ್ಕು ದಿನದ ಹಿಂದೆ ಸೋಂಕು ತಗುಲಿ ಭೇದಿ ಶುರುವಾಗಿದ್ದರೆ, ಅದು ಜೋರು ಗಾಳಿಮಳೆ ಬಂದು ಹೋದ ತೋಟ. ಸೋಗೆ ಬಿದ್ದಿದೆ, ಕಸ ತುಂಬಿದೆ, ಆದರೆ ಮರಗಳ ಸಾಲು ಸಾಲಾಗೇ ಇದೆ. ತಿಂಗಳುಗಟ್ಟಲೆ ಉರಿದ ಕರುಳಿನಲ್ಲಿ ಸಾಲೇ ಕೆಟ್ಟಿರುತ್ತದೆ. ಅಲ್ಲಲ್ಲಿ ಮರ ಇಲ್ಲ. ಇದ್ದದ್ದು ಗಿಡ್ಡ, ಬುಡ ನೆಲಕ್ಕೆ ಮುಟ್ಟಿಲ್ಲ. ಕೆಲವು ಕವಲೊಡೆದಿವೆ. ಕವಲೊಡೆದ ಅಡಿಕೆ ಮರ ತೋಟದಲ್ಲಿ ಕಂಡರೆ ಊರವರೆಲ್ಲ ನೋಡಲು ಬರುತ್ತಾರೆ. ನಮಗೂ ಎಡಗಡೆಯ ಕರುಳಿನಲ್ಲಿ ಕವಲೊಡೆದ ಕ್ರಿಪ್ಟ್ ನಾಲ್ಕಾರು ಕಂಡರೆ ಹಾಗೇ, ಕಣ್ಣು ಅಲ್ಲೇ ನಿಲ್ಲುತ್ತದೆ.

ಇನ್ನೊಂದು ಗುರುತಿದೆ. ಕ್ರಿಪ್ಟಿನ ಬುಡಕ್ಕೂ ಸ್ನಾಯುಪದರಕ್ಕೂ ನಡುವೆ ಪ್ಲಾಸ್ಮಾ ಕೋಶ ಅನ್ನುವ ರಕ್ಷಣಾ ಕೋಶಗಳು ಬಂದು ತುಂಬಿಕೊಳ್ಳುತ್ತವೆ. ಮರದ ಬುಡಕ್ಕೆ ಸೊಪ್ಪು ಹಾಸಿದ ಹಾಗೆ ದಪ್ಪಗೆ. ಸಾಲು ಕೆಡಲು ತಿಂಗಳಾದರೂ ಬೇಕು. ಈ ಸೊಪ್ಪು ಅದಕ್ಕಿಂತ ಮೊದಲೇ ಬರುತ್ತದೆ. ಹಾಗಾಗಿ ಕಾಯಿಲೆ ಶುರುವಾಗಿ ಕೆಲವೇ ವಾರ ಆಗಿದ್ದರೆ ನಾನು ಮೊದಲು ಹುಡುಕುವುದು ಬುಡವನ್ನೇ. ಮೂರನೆಯದು ಪನೆತ್ ಕೋಶ, ಕ್ರಿಮಿ ಕೊಲ್ಲುವ ರಸ ಸುರಿಸುವ ಕೋಶ. ಸಣ್ಣ ಕರುಳಿನಲ್ಲಿ, ದೊಡ್ಡ ಕರುಳಿನ ಬಲಭಾಗದಲ್ಲಿ ಅವು ಇರುವುದು ಸಹಜ. ಎಡಭಾಗದಲ್ಲಿ ಕೆಂಪು ಹರಳು ತುಂಬಿಕೊಂಡು ಕೂತಿದ್ದರೆ, ಅಲ್ಲಿ ಬಹಳ ಕಾಲದಿಂದ ಗಾಯ ಆಗುತ್ತಾ ಮಾಯುತ್ತಾ ಇದೆ ಅಂತ ಅರ್ಥ.

‘ಆಕ್ಟಿವ್’ ಅನ್ನುವುದಕ್ಕೆ ಸಾಕ್ಷಿ ನ್ಯೂಟ್ರೋಫಿಲ್ ಅನ್ನುವ ಬಿಳಿ ರಕ್ತಕಣ. ಅದು ಕ್ರಿಪ್ಟಿನ ಗೋಡೆಯೊಳಗೆ ನುಗ್ಗಿದರೆ ಕ್ರಿಪ್ಟೈಟಿಸ್, ಒಳಗೆ ಗುಂಪುಗಟ್ಟಿ ಕೀವಾದರೆ ಕ್ರಿಪ್ಟ್ ಆಬ್ಸೆಸ್. ಇದು ಯಾವ ಕಾಯಿಲೆಗೂ ವಿಶೇಷ ಅಲ್ಲ. ಎಲ್ಲದರಲ್ಲೂ ಬರುತ್ತದೆ.

ಆದ್ದರಿಂದ ಮೊದಲ ಲ್ಯಾಬಿನವರು ಹೇಳಿದ್ದು ಇಷ್ಟು: ಇದು ನಿನ್ನೆ ಮೊನ್ನೆಯ ಭೇದಿ ಅಲ್ಲ, ಕಾಯಿಲೆ ಹಳೆಯದು, ಈಗಲೂ ಜೋರಾಗಿದೆ. ಐದು ತಿಂಗಳ ಕಥೆಗೆ ಸರಿಯಾಗಿ ಹೊಂದುತ್ತದೆ. ‘ಕ್ಲಿನಿಕಲ್ ಕೋರಿಲೇಶನ್ ಬೇಕು’ ಅಂದರೆ ರೋಗಿಯ ಕಥೆ, ಸ್ಕೋಪಿ, ಸ್ಕ್ಯಾನು ಎಲ್ಲ ಒಟ್ಟಿಗಿಟ್ಟು ನೋಡಿ ಅಂತ. ಒಪ್ಪಿಕೊಳ್ಳುತ್ತೇನೆ, ನಾವು ಪೆಥಾಲಜಿಸ್ಟರು ಈ ಮಾತನ್ನು ಕೆಲವೊಮ್ಮೆ ಕೊಡೆಯ ಹಾಗೆ ಬಿಚ್ಚಿ ಅದರಡಿ ನಿಲ್ಲುತ್ತೇವೆ. ಆದರೆ ಐಬಿಡಿ ವಿಷಯದಲ್ಲಿ ಅದು ನೆಪ ಅಲ್ಲ. ನಿಜವಾಗಿಯೂ ಬೇರೆ ದಾರಿ ಇಲ್ಲ.

ಐಬಿಡಿ ಒಳಗೆ ಮುಖ್ಯವಾಗಿ ಇಬ್ಬರು. ಅಲ್ಸರೇಟಿವ್ ಕೊಲೈಟಿಸ್ ಗುದದ್ವಾರದ ಹತ್ತಿರದಿಂದ ಶುರುವಾಗಿ ಎಡೆಬಿಡದೆ ಮೇಲಕ್ಕೆ ಹಬ್ಬುತ್ತದೆ, ಒಳಪದರದಲ್ಲೇ ಇರುತ್ತದೆ. ಕ್ರೋನ್ಸ್ ಬಾಯಿಯಿಂದ ಗುದದವರೆಗೆ ಎಲ್ಲಿ ಬೇಕಾದರೂ ಬರಬಹುದು. ಇಲ್ಲೊಂದು ಕಡೆ ಹುಣ್ಣು, ಪಕ್ಕದಲ್ಲಿ ಸರಿಯಾದ ಕರುಳು, ಮತ್ತೆ ಮುಂದೆ ಹುಣ್ಣು. ಸಣ್ಣ ಕರುಳಿನ ತುದಿ ಅದಕ್ಕೆ ಇಷ್ಟದ ಜಾಗ. ಈ ‘ಎಡೆಬಿಡದೆ’ ಮತ್ತು ‘ಅಲ್ಲೊಂದು ಇಲ್ಲೊಂದು’ ಅನ್ನುವುದು ಗೊತ್ತಾಗಬೇಕಾದರೆ ಹುಣ್ಣಿರುವ ಕಡೆ ಮಾತ್ರ ಕಚ್ಚಿ ತಂದರೆ ಸಾಲದು. ಸಣ್ಣ ಕರುಳಿನ ತುದಿಯಿಂದ ಮತ್ತು ದೊಡ್ಡ ಕರುಳಿನ ಐದು ಕಡೆಯಿಂದ, ಒಂದೊಂದು ಕಡೆ ಕನಿಷ್ಠ ಎರಡೆರಡು ತುಣುಕು ಬೇಕು. ಕಣ್ಣಿಗೆ ಸರಿಯಾಗಿ ಕಾಣುವ ಜಾಗದಿಂದಲೂ ಬೇಕು. ಬೇರೆ ಬೇರೆ ಬಾಟಲಿ, ಒಂದೊಂದರ ಮೇಲೂ ಎಲ್ಲಿಂದ ಅಂತ ಚೀಟಿ. ಎಲ್ಲವನ್ನೂ ಒಂದೇ ಬಾಟಲಿಗೆ ಹಾಕಿ ‘ಕೋಲನ್’ ಅಂತ ಬರೆದು ಕಳಿಸಿದರೆ, ಐದು ಊರಿನ ಮಣ್ಣು ಕಲಸಿ ಇದು ಯಾವ ಊರಿನದು ಅಂತ ಕೇಳಿದ ಹಾಗೆ. ನಿಮ್ಮ ರಿಪೋರ್ಟಿನ ಮೇಲ್ಭಾಗದಲ್ಲಿ ‘ಸ್ಪೆಸಿಮೆನ್’ ಅಂತ ಇರುತ್ತದೆ. ಅಲ್ಲಿ ಎಷ್ಟು ಬಾಟಲಿ, ಎಷ್ಟು ತುಣುಕು ಅಂತ ನೋಡಿ. ಮತ್ತೆ ಸ್ಕೋಪಿ ಬೇಕಾ ಅನ್ನುವ ಪ್ರಶ್ನೆಗೆ ಉತ್ತರ ಬಹಳ ಸಲ ಆ ಒಂದೇ ಸಾಲಿನಲ್ಲಿ ಇರುತ್ತದೆ.

ಎಲ್ಲ ಸರಿಯಾಗಿ ತೆಗೆದರೂ ಹತ್ತರಲ್ಲಿ ಒಬ್ಬರಲ್ಲಿ ಎರಡರಲ್ಲಿ ಯಾವುದು ಅಂತ ತೀರ್ಮಾನ ಆಗುವುದಿಲ್ಲ. ಐಬಿಡಿ ಅಂತಷ್ಟೇ ಬರೆದು ಕಾಯುತ್ತೇವೆ. ಚಿಕಿತ್ಸೆ ಶುರುವಾದ ಮೇಲೆ ತೆಗೆದ ತುಣುಕು ಇನ್ನೂ ತೊಡಕು. ಎನಿಮಾ ಔಷಧಿ ತೆಗೆದುಕೊಂಡವರ ಗುದಭಾಗ ಮಾಯ್ದು ಬಿಟ್ಟಿರುತ್ತದೆ, ಮೇಲಿನದು ಮಾಯ್ದಿರುವುದಿಲ್ಲ. ಸ್ಲೈಡ್ ನೋಡಿದವರಿಗೆ ಕ್ರೋನ್ಸ್ ಹಾಗೆ ಕಾಣುತ್ತದೆ.

ಈಗ ನಿಮ್ಮ ಎರಡನೇ ರಿಪೋರ್ಟು. ಗ್ರಾನ್ಯುಲೋಮಾ ಅಂದರೆ ಮ್ಯಾಕ್ರೋಫೇಜ್ ಅನ್ನುವ ಕಾವಲು ಕೋಶಗಳು ಒತ್ತೊತ್ತಾಗಿ ಸೇರಿ ಕಟ್ಟಿದ ಉಂಡೆ. ತಿಂದು ಜೀರ್ಣಿಸಲಾಗದ ಏನನ್ನೋ ಸುತ್ತುವರಿದು ಕೂತಿರುತ್ತವೆ. ಕ್ರೋನ್ಸಿನಲ್ಲಿ ಬರುತ್ತದೆ. ಟಿಬಿಯಲ್ಲೂ ಬರುತ್ತದೆ. ಎರಡೂ ಸಣ್ಣ ಕರುಳು ದೊಡ್ಡ ಕರುಳು ಸೇರುವ ಜಾಗವನ್ನೇ ಹಿಡಿಯುತ್ತವೆ. ಎರಡರಲ್ಲೂ ಹೊಟ್ಟೆನೋವು, ತೂಕ ಇಳಿಯುವುದು, ಜ್ವರ. ನಮ್ಮ ದೇಶದಲ್ಲಿ ಈ ಕೆಲಸ ಕಷ್ಟವಾಗುವುದು ಇಲ್ಲೇ.

ಈ ಗೊಂದಲ ಕ್ರೋನ್ಸ್ ಅನ್ನುವ ಹೆಸರಿಗಿಂತ ಹಳೆಯದು. 1913ರಲ್ಲಿ ಗ್ಲಾಸ್ಗೋದ ಸರ್ಜನ್ ಡಾಲ್ಜಿಯಲ್ ಇಂಥ ಕರುಳುಗಳನ್ನು ವಿವರಿಸಿದ್ದರು. ನೋಡಲು ಟಿಬಿ ಹಾಗೆ, ಆದರೆ ಟಿಬಿ ಕ್ರಿಮಿ ಸಿಗುತ್ತಿಲ್ಲ, ದನಗಳಿಗೆ ಬರುವ ಜೋನ್ಸ್ ಕಾಯಿಲೆಯನ್ನು ಹೋಲುತ್ತದೆ ಅಂದಿದ್ದರು. 1932ರಲ್ಲಿ ನ್ಯೂಯಾರ್ಕಿನ ಮೌಂಟ್ ಸಿನಾಯ್ ಆಸ್ಪತ್ರೆಯ ಕ್ರೋನ್, ಗಿನ್ಸ್‌ಬರ್ಗ್, ಒಪನ್‌ಹೈಮರ್ ಮೂವರೂ ಸೇರಿ 14 ರೋಗಿಗಳ ಬಗ್ಗೆ ಬರೆದರು. ಹೆಸರುಗಳು ಅಕ್ಷರ ಕ್ರಮದಲ್ಲಿದ್ದವು, ಮೊದಲಿದ್ದವರ ಹೆಸರು ಕಾಯಿಲೆಗೆ ಅಂಟಿಕೊಂಡಿತು.

ಎರಡನ್ನೂ ಬೇರ್ಪಡಿಸುವ ಗುರುತುಗಳು ಇವೆ. ಟಿಬಿಯ ಉಂಡೆಗಳು ದೊಡ್ಡವು, ಹೆಚ್ಚಾಗಿ 200 ಮೈಕ್ರಾನಿಗಿಂತ ಜಾಸ್ತಿ. ಸಂಖ್ಯೆಯಲ್ಲಿ ಜಾಸ್ತಿ. ಒಂದಕ್ಕೊಂದು ಕೂಡಿಕೊಂಡಿರುತ್ತವೆ. ಒಳಪದರದ ಕೆಳಗೂ ಇರುತ್ತವೆ. ಹುಣ್ಣಿನ ಅಂಚಿಗೆ ಅದೇ ಜಾತಿಯ ಕೋಶಗಳು ಅಂಚುಪಟ್ಟಿ ಹೊಲಿದ ಹಾಗೆ ಸಾಲಾಗಿ ನಿಂತಿರುತ್ತವೆ. ನಡುವೆ ಕೊಳೆತ ಗಿಣ್ಣಿನಂಥ ಭಾಗ ಕಂಡರೆ, ಅದನ್ನು ಕೇಸಿಯೇಶನ್ ಅನ್ನುತ್ತೇವೆ, ಟಿಬಿ ಅಂತ ಹೆಚ್ಚುಕಡಿಮೆ ನಿಶ್ಚಯ. ಕ್ರೋನ್ಸಿನ ಉಂಡೆ ಸಣ್ಣದು, ಒಂಟಿ, ಸಡಿಲ. ಹುಡುಕಿದರೆ ಒಂದೋ ಎರಡೋ. ಎಷ್ಟೋ ಕ್ರೋನ್ಸ್ ರೋಗಿಗಳ ಬಯಾಪ್ಸಿಯಲ್ಲಿ ಒಂದೂ ಸಿಗುವುದಿಲ್ಲ.

ಓದಲು ಸುಲಭ. ಸ್ಲೈಡಿನಲ್ಲಿ ಹಾಗೆ ಸಿಗುವುದು ಕಡಿಮೆ. ಕೇಸಿಯೇಶನ್ ಬಯಾಪ್ಸಿಯಲ್ಲಿ ಕಾಣುವುದು ಕೆಲವರಲ್ಲಿ ಮಾತ್ರ, ಯಾಕೆಂದರೆ ಅದು ಆಳದಲ್ಲಿರುತ್ತದೆ, ಚಿಮಟ ಅಷ್ಟು ಇಳಿಯುವುದಿಲ್ಲ. ಟಿಬಿ ಕ್ರಿಮಿಗೆ ಕೆಂಪು ಬಣ್ಣ ಹಾಕಿ ಹುಡುಕುವ ಪರೀಕ್ಷೆಯೂ ಹಾಗೇ. ಕಫದಲ್ಲಿ ಸಿಕ್ಕಷ್ಟು ಸುಲಭವಾಗಿ ಕರುಳಿನಲ್ಲಿ ಸಿಗುವುದಿಲ್ಲ. ಅರ್ಧ ಗಂಟೆ ಸ್ಲೈಡ್ ಸರಿಸುತ್ತಾ ಕೂತು ಒಂದೂ ಸಿಗದೆ ಎದ್ದ ದಿನಗಳೇ ಜಾಸ್ತಿ. ಟಿಬಿ ಕ್ರಿಮಿಯ ಡಿಎನ್‌ಎ ಹುಡುಕುವ ಜೀನ್‌ಎಕ್ಸ್‌ಪರ್ಟ್‌ ಪರೀಕ್ಷೆಯಲ್ಲಿ ಪಾಸಿಟಿವ್ ಬಂದರೆ ನಂಬಬಹುದು. ನೆಗೆಟಿವ್ ಬಂದರೆ ಟಿಬಿ ಇಲ್ಲ ಅಂತ ಅರ್ಥ ಅಲ್ಲ. ಈ ಕೊನೆಯ ವಾಕ್ಯವನ್ನು ಇನ್ನೊಮ್ಮೆ ಓದಿಕೊಳ್ಳಿ. ‘ಎಕ್ಸ್‌ಪರ್ಟ್ ನೆಗೆಟಿವ್ ಬಂತು, ಟಿಬಿ ಇಲ್ಲ’ ಅಂತ ಸ್ಟೀರಾಯ್ಡ್ ಶುರು ಮಾಡಿದ್ದನ್ನು ನೋಡಿದ್ದೇನೆ.

ಇನ್ನೂ ಒಂದು ಮೋಸ ಇದೆ. ಅಲ್ಸರೇಟಿವ್ ಕೊಲೈಟಿಸಿನಲ್ಲಿ ಕ್ರಿಪ್ಟ್ ಒಡೆದು ಒಳಗಿನ ಲೋಳೆ ಹೊರಗೆ ಚೆಲ್ಲುತ್ತದೆ. ಆ ಲೋಳೆಯ ಸುತ್ತ ಸಣ್ಣ ಉಂಡೆ ಕಟ್ಟುತ್ತದೆ. ಅದಕ್ಕೆ ಬೆಲೆ ಇಲ್ಲ, ಅದನ್ನು ಕ್ರೋನ್ಸ್ ಅಂತಲೂ ಟಿಬಿ ಅಂತಲೂ ಎಣಿಸಬಾರದು. ಆದ್ದರಿಂದ ಎರಡನೇ ಲ್ಯಾಬಿನವರನ್ನು ಕೇಳಬೇಕಾದ್ದು: ಎಷ್ಟು ಗ್ರಾನ್ಯುಲೋಮಾ? ಎಷ್ಟು ದೊಡ್ಡದು? ಒಡೆದ ಕ್ರಿಪ್ಟಿನ ಪಕ್ಕದಲ್ಲಾ, ದೂರದಲ್ಲಾ? ಯಾವ ಬಾಟಲಿಯ ತುಣುಕಿನಲ್ಲಿ? ಕೇಳಲು ಹಿಂಜರಿಯಬೇಡಿ. ಫೋನ್ ಮಾಡಿ ಕೇಳುವ ಡಾಕ್ಟರನ್ನು ಕಂಡರೆ ನಮಗೆ ಖುಷಿಯೇ ಆಗುತ್ತದೆ, ಬೇಜಾರಲ್ಲ.

ಇಲ್ಲಿ ನನ್ನದೊಂದು ತಪ್ಪನ್ನು ಹೇಳಬೇಕು. ಕೆಲಸಕ್ಕೆ ಸೇರಿದ ಹೊಸದರಲ್ಲಿ, ಬೇರೊಂದು ಊರಿನಲ್ಲಿ. ದೋಣಿಗೆ ಹೋಗುವ ಒಬ್ಬರು, ನಲವತ್ತೈದರ ಆಸುಪಾಸು. ರಕ್ತಭೇದಿ. ಫಾರ್ಮಿನಲ್ಲಿ ಇದ್ದದ್ದು ಎರಡೇ ಮಾತು: ‘ಲೂಸ್ ಮೋಷನ್, ಐಬಿಡಿ?’ ಸ್ಲೈಡಿನಲ್ಲಿ ಹುಣ್ಣು, ಕೀವು, ಅಲ್ಲಲ್ಲಿ ಕೆಟ್ಟ ಕ್ರಿಪ್ಟು. ‘ಅಲ್ಸರೇಟಿವ್ ಕೊಲೈಟಿಸ್ ಕಡೆಗೆ ವಾಲುತ್ತದೆ’ ಅಂತ ಬರೆದೆ. ಸ್ಟೀರಾಯ್ಡ್ ಶುರುವಾಯಿತು. ವಾರದೊಳಗೆ ಹೊಟ್ಟೆ ಉಬ್ಬಿ ತುರ್ತು ಆಪರೇಷನ್ ಆಯಿತು. ನಮ್ಮ ಹಿರಿಯರು ನನ್ನ ಹಳೆಯ ಸ್ಲೈಡನ್ನು ತರಿಸಿ, ಹುಣ್ಣಿನ ಮೇಲೆ ಕೂತಿದ್ದ ಕೊಳೆಯಂಥ ಪದರಕ್ಕೆ ಲೆನ್ಸ್ ತಿರುಗಿಸಿ, ‘ಬಾ, ನೋಡು’ ಅಂದರು. ಅಮೀಬಾಗಳು. ನೊರೆನೊರೆ ಮೈ, ಹೊಟ್ಟೆಯೊಳಗೆ ನುಂಗಿದ ಕೆಂಪು ರಕ್ತಕಣ. ಒಂದಲ್ಲ, ಹತ್ತಾರು. ನಾನು ಅಂಗಾಂಶವನ್ನಷ್ಟೇ ಶ್ರದ್ಧೆಯಿಂದ ನೋಡಿದ್ದೆ, ಆ ಕೊಳೆಯನ್ನು ಕಸ ಅಂತ ದಾಟಿ ಹೋಗಿದ್ದೆ. ರೋಗಿ ಉಳಿದರು. ಅವತ್ತಿನಿಂದ ನಾನು ಸ್ಲೈಡ್ ಓದಲು ಶುರು ಮಾಡುವುದೇ ಆ ಕಸದಿಂದ. ಸಂಶಯ ಬಂದರೆ ಪಿಎಎಸ್ ಅನ್ನುವ ಬಣ್ಣ ಹಾಕಿಸುತ್ತೇನೆ. ಅಮೀಬಾ ಕೆನ್ನೇರಳೆಯಾಗಿ ಎದ್ದು ಕಾಣುತ್ತದೆ.

ಮೂರು ಗೆರೆ ಜಾಸ್ತಿ ಬರೆದ ಫಾರ್ಮು ಬಂದಿದ್ದರೆ ಆ ತಪ್ಪು ಆಗುತ್ತಿರಲಿಲ್ಲವೇನೋ. ಎಷ್ಟು ದಿನದಿಂದ ಭೇದಿ, ಸ್ಕೋಪಿನಲ್ಲಿ ಎಲ್ಲೆಲ್ಲಿ ಹುಣ್ಣು, ಜ್ವರ ಇದೆಯಾ, ಮನೆಯಲ್ಲಿ ಯಾರಿಗಾದರೂ ಟಿಬಿ ಆಗಿತ್ತಾ, ಏನೇನು ಔಷಧಿ ನಡೆಯುತ್ತಿದೆ. ಔಷಧಿ ವಿಷಯ ಸಣ್ಣದಲ್ಲ. ಡೈಕ್ಲೋಫೆನಾಕ್, ಅಸಿಕ್ಲೋಫೆನಾಕ್, ಐಬುಪ್ರೊಫೆನ್ ಇವೆಲ್ಲ ಕರುಳಿನಲ್ಲಿ ಹುಣ್ಣು ಮಾಡುತ್ತವೆ. ಸಣ್ಣ ಕರುಳಿನ ತುದಿಯಲ್ಲಿ ಆದರೆ ಥೇಟ್ ಕ್ರೋನ್ಸ್. ತೋಟದ ಕೆಲಸ ಮಾಡಿ ಸೊಂಟ ಹಿಡಿದವರು, ಮುಟ್ಟಿನ ನೋವಿಗೆ ಅಂಗಡಿಯಿಂದ ತಂದು ನುಂಗಿದವರು ಇದನ್ನು ಔಷಧಿ ಅಂತ ಲೆಕ್ಕಕ್ಕೇ ಹಿಡಿಯುವುದಿಲ್ಲ. ತಂಗಿಯನ್ನು ಹೀಗೆ ಕೇಳಿ: ‘ನೋವಿಗೆ ಯಾವ ಮಾತ್ರೆ, ತಿಂಗಳಿಗೆ ಎಷ್ಟು?’

ಹಾಗಾದರೆ ಈಗ ಏನು ಮಾಡುವುದು? ನನ್ನ ಅಭಿಪ್ರಾಯ ಹೇಳುತ್ತೇನೆ, ನಿರ್ಧಾರ ನಿಮ್ಮ ಗ್ಯಾಸ್ಟ್ರೋ ಡಾಕ್ಟರದ್ದು. ಟಿಬಿ ಅಲ್ಲ ಅಂತ ಸಾಕಷ್ಟು ಭರವಸೆ ಬರುವವರೆಗೆ ಸ್ಟೀರಾಯ್ಡಿಗೆ ಅವಸರ ಬೇಡ. ಕ್ರೋನ್ಸಿಗೆ ಒಂದೆರಡು ವಾರ ತಡವಾದರೆ ಸಾಮಾನ್ಯವಾಗಿ ನಿಭಾಯಿಸಬಹುದು. ಟಿಬಿಗೆ ಸ್ಟೀರಾಯ್ಡ್ ಮಾತ್ರ ಕೊಟ್ಟರೆ ಅದು ಮೈಯೆಲ್ಲ ಹರಡಬಹುದು. ಎದೆಯ ಎಕ್ಸ್‌ರೇ, ಹೊಟ್ಟೆಯ ಸಿಟಿ ಆಗಿಲ್ಲದಿದ್ದರೆ ಆಗಲಿ. ಸಿಟಿಯಲ್ಲಿ ನಡು ಕೊಳೆತ ದುಗ್ಧಗ್ರಂಥಿ ಕಂಡರೆ ನನ್ನ ಹತ್ತು ಸ್ಲೈಡಿಗಿಂತ ಅದು ದೊಡ್ಡ ಸಾಕ್ಷಿ. ಮಲದ ಪರೀಕ್ಷೆ ಮಾಡಿಸಿದ್ದೀರಾ? ಅಷ್ಟು ದೂರ ಹೋಗಿ ಸ್ಕೋಪಿ ಮಾಡಿಸಿದವರು ಎಷ್ಟೋ ಸಲ ಆ ಚಿಕ್ಕ ಪರೀಕ್ಷೆಯನ್ನೇ ಬಿಟ್ಟಿರುತ್ತಾರೆ.

ಎರಡೂ ಲ್ಯಾಬಿನ ಸ್ಲೈಡುಗಳನ್ನು, ಬ್ಲಾಕನ್ನು, ಸ್ಕೋಪಿಯ ಫೋಟೋ ಸಮೇತ ರಿಪೋರ್ಟನ್ನು ಒಬ್ಬರೇ ಪೆಥಾಲಜಿಸ್ಟ್ ಒಟ್ಟಿಗೆ ನೋಡಲಿ. ಕರುಳಿನ ಬಯಾಪ್ಸಿ ದಿನವೂ ನೋಡುವವರಾದರೆ ಒಳ್ಳೆಯದು. ಮೂರನೇ ಲ್ಯಾಬಿಗೆ ಬರೀ ಬ್ಲಾಕ್ ಕೊಟ್ಟು ‘ನೀವೇನಂತೀರಿ’ ಅಂತ ಪರೀಕ್ಷೆ ಮಾಡಬೇಡಿ. ಮೊದಲಿನವರು ಹೇಳಿದ್ದನ್ನು ಬಚ್ಚಿಟ್ಟು ಕೇಳುವವರು ಇದ್ದಾರೆ. ಅದರಿಂದ ಮೂರನೇ ರಿಪೋರ್ಟು ಸಿಗುತ್ತದೆ, ಉತ್ತರ ಸಿಗುವುದಿಲ್ಲ.

ಮತ್ತೆ ಸ್ಕೋಪಿ ಬೇಕಾ? ಮೊದಲ ಸಲ ಒಂದೇ ಬಾಟಲಿ, ಎರಡು ಮೂರು ತುಣುಕು ಮಾತ್ರ ತೆಗೆದಿದ್ದರೆ ಬೇಕಾಗಬಹುದು. ಆಗ ಒಂದು ಮಾತು ಮೊದಲೇ ಹೇಳಿ: ಟಿಬಿ ಕಲ್ಚರಿಗೆ ಅಂತ ಒಂದೆರಡು ತುಣುಕು ಬೇರೆಯಾಗಿ ಸಲೈನಿನಲ್ಲಿ ಹೋಗಬೇಕು, ಫಾರ್ಮಲಿನ್‌ನಲ್ಲಿ ಅಲ್ಲ. ಫಾರ್ಮಲಿನ್ ಬಿದ್ದರೆ ಕ್ರಿಮಿ ಸಾಯುತ್ತದೆ, ಬೆಳೆಸಲು ಬರುವುದಿಲ್ಲ. ನಮ್ಮಲ್ಲಿಗೆ ಬರಬೇಕಾದದ್ದು ಮಾತ್ರ ಫಾರ್ಮಲಿನ್‌ನಲ್ಲೇ, ತುಣುಕಿಗಿಂತ ಹತ್ತು ಪಾಲು ಜಾಸ್ತಿ. ಇದು ಉಲ್ಟಾ ಆಗಿದ್ದನ್ನೂ ನೋಡಿದ್ದೇನೆ. ಒಂದು ಮಳೆಗಾಲದಲ್ಲಿ ಘಟ್ಟದ ಮೇಲಿನಿಂದ ಸಲೈನಿನಲ್ಲಿ ತುಣುಕು ಕಳಿಸಿದ್ದರು. ದಾರಿಯಲ್ಲಿ ಮಣ್ಣು ಕುಸಿದು ಎರಡು ದಿನ ತಡ. ಬಾಟಲಿ ತೆರೆದಾಗ ಒಳಗಿದ್ದದ್ದು ಕರಗಿದ ಲೋಳೆ. ಆ ಹುಡುಗನಿಗೆ ಇನ್ನೊಮ್ಮೆ ಹೊಟ್ಟೆ ಖಾಲಿ ಮಾಡಿಸಿ ಸ್ಕೋಪಿ ಮಾಡಬೇಕಾಯಿತು.

ಎಲ್ಲ ಮಾಡಿದ ಮೇಲೂ ಟಿಬಿಯೋ ಕ್ರೋನ್ಸೋ ತೀರ್ಮಾನ ಆಗದಿದ್ದರೆ, ಟಿಬಿ ಮಾತ್ರೆ ಕೊಟ್ಟು ನೋಡುವುದು ನಮ್ಮ ದೇಶದಲ್ಲಿ ಒಪ್ಪಿತವಾದ ದಾರಿ. ಇದನ್ನು ಕೇಳಿ ‘ಗೊತ್ತಿಲ್ಲದೆ ಔಷಧಿ ಕೊಡ್ತಾರೆ’ ಅಂತ ಸಿಟ್ಟು ಮಾಡಿಕೊಳ್ಳಬೇಡಿ. ಎರಡು ಮೂರು ತಿಂಗಳಾದ ಮೇಲೆ ಮತ್ತೆ ಸ್ಕೋಪಿ ಹಾಕಿ ಹುಣ್ಣು ಮಾಯ್ದಿದೆಯಾ ನೋಡುತ್ತಾರೆ. ಮಾಯ್ದಿದ್ದರೆ ಟಿಬಿ, ಆರು ತಿಂಗಳ ಕೋರ್ಸ್ ಮುಗಿಸುವುದು. ಮಾಯ್ದಿಲ್ಲ ಅಂದರೆ ಕ್ರೋನ್ಸ್ ಕಡೆ ತಿರುಗುವುದು. ಇಲ್ಲಿ ‘ಆರಾಮ ಅನ್ನಿಸ್ತಿದೆ’ ಅನ್ನುವ ಮಾತಿಗೆ ಬೆಲೆ ಕಡಿಮೆ. ಕ್ರೋನ್ಸ್ ಇದ್ದವರಿಗೂ ಟಿಬಿ ಮಾತ್ರೆಯಲ್ಲಿ ಸ್ವಲ್ಪ ದಿನ ಹಗುರ ಅನ್ನಿಸುವುದುಂಟು. ಹುಣ್ಣನ್ನು ಕಣ್ಣಿನಿಂದ ನೋಡಲೇಬೇಕು. ಮಾತ್ರೆ ಸರ್ಕಾರದಿಂದ ಉಚಿತ. ಹೆಸರು ನೋಂದಾಯಿಸಿದರೆ ಪೌಷ್ಟಿಕ ಆಹಾರಕ್ಕೆ ತಿಂಗಳಿಗೆ 1000 ರೂಪಾಯಿ ಖಾತೆಗೆ ಬರುತ್ತದೆ.

ಈ ಮಧ್ಯೆ ಒಂದು ಎಚ್ಚರ. ರಕ್ತದ ಭೇದಿ ದಿನಕ್ಕೆ ಆರು ಸಲ ಅಥವಾ ಅದಕ್ಕಿಂತ ಹೆಚ್ಚಾಗಿ, ಅದರ ಜೊತೆಗೆ ಜ್ವರ ಬಂದರೆ ಅಥವಾ ನಾಡಿ ನಿಮಿಷಕ್ಕೆ 90 ದಾಟಿದರೆ, ಇಲ್ಲವೇ ಹೊಟ್ಟೆ ಉಬ್ಬಿ ಬಿಗಿಯಾದರೆ, ರಿಪೋರ್ಟು ಗಿಪೋರ್ಟು ಪಕ್ಕಕ್ಕಿಟ್ಟು ಅವತ್ತೇ ದೊಡ್ಡ ಆಸ್ಪತ್ರೆಗೆ ಹೊರಡಿ. ನಮ್ಮ ಜಿಲ್ಲೆಯವರಿಗೆ ದೊಡ್ಡ ಆಸ್ಪತ್ರೆ ಅಂದರೆ ಹುಬ್ಬಳ್ಳಿ, ಮಣಿಪಾಲ, ಮಂಗಳೂರು, ಗೋವಾ ಅಂತ ಆಗಿಬಿಟ್ಟಿದೆ. ಎಲ್ಲಿಗೆ ಹೋದರೂ ತಾಸುಗಟ್ಟಲೆ ದಾರಿ. ಅದಕ್ಕೇ ಹೇಳುವುದು, ರಾತ್ರಿ ಆಗುವವರೆಗೆ ಕಾಯಬೇಡಿ.

‘ಕ್ರಾನಿಕ್’ ಅಂದರೆ ಕ್ಯಾನ್ಸರಾ ಅಂತ ಬಹಳ ಜನ ಕೇಳುತ್ತಾರೆ. ನೀವು ಕೇಳಿಲ್ಲ, ಆದರೂ ಮನಸ್ಸಿನಲ್ಲಿ ಇರಬಹುದು. ಅಲ್ಲ. ದೊಡ್ಡ ಕರುಳಿನ ಐಬಿಡಿ ಬಹಳ ವರ್ಷ ಇದ್ದರೆ ಅಪಾಯ ಸ್ವಲ್ಪ ಏರುತ್ತದೆ. ಅದಕ್ಕಾಗಿ ಕಾಯಿಲೆ ಶುರುವಾದ ಎಂಟು ವರ್ಷದ ಹೊತ್ತಿಗೆ ತಪಾಸಣೆಯ ಸ್ಕೋಪಿ ಶುರು ಮಾಡುತ್ತಾರೆ. ಈಗ ಅದರ ಚಿಂತೆ ಬೇಡ.

ಆಯಿಯ ಕಷಾಯ. ಕೊಡಸಿಗೆ ನಮ್ಮ ಕಡೆ ಆಮಶಂಕೆಗೆ ತಲೆತಲಾಂತರದಿಂದ ಕೊಡುವ ಔಷಧಿ. ನಾನೂ ಚಿಕ್ಕವನಿದ್ದಾಗ ಮುಖ ಹಿಂಡಿಕೊಂಡು ಕುಡಿದಿದ್ದೇನೆ. ಆದರೆ ಐದು ತಿಂಗಳ ಭೇದಿ, 7 ಕೆಜಿ ತೂಕ ಇಳಿದ ಮೈ, ಇದು ಕಷಾಯದ ಮಟ್ಟ ದಾಟಿದೆ. ಟಿಬಿ ಮಾತ್ರೆ ಶುರುವಾದರೆ ಅವು ಲಿವರಿಗೆ ಭಾರ. ಜೊತೆಗೆ ಇನ್ನೇನೋ ಹೋಗುತ್ತಿದ್ದರೆ, ನಾಳೆ ಕಣ್ಣು ಹಳದಿಯಾದಾಗ ಯಾವುದರಿಂದ ಅಂತ ಯಾರಿಗೂ ಗೊತ್ತಾಗುವುದಿಲ್ಲ. ಸದ್ಯಕ್ಕೆ ನಿಲ್ಲಿಸಿ, ಡಾಕ್ಟರಿಗೆ ಕೊಟ್ಟದ್ದನ್ನು ಹೇಳಿ. ಆಯಿಗೆ ಬೇಜಾರಾಗದ ಹಾಗೆ ಹೇಳುವ ಕೆಲಸ ನಿಮ್ಮದು. ಮಜ್ಜಿಗೆ ಅನ್ನ ಹಿಡಿಸುತ್ತಿದ್ದರೆ ಅದನ್ನು ಧಾರಾಳವಾಗಿ ಬಡಿಸಲಿ.

ಕೊನೆಯದಾಗಿ ಬ್ಲಾಕ್ ಒಯ್ಯುವ ವಿಷಯ. ಲ್ಯಾಬಿನಲ್ಲಿ ಕೇಳಿದರೆ ಸಹಿ ಹಾಕಿಸಿಕೊಂಡು ಕೊಡುತ್ತಾರೆ. ಸ್ಲೈಡನ್ನು ಪೇಪರಿನಲ್ಲಿ ಸುತ್ತಿ ಬ್ಯಾಗಿಗೆ ತುರುಕಬೇಡಿ, ಪ್ಲಾಸ್ಟಿಕ್ ಸ್ಲೈಡ್ ಡಬ್ಬಿ ಕೇಳಿ. ಬ್ಲಾಕ್ ಅಂದರೆ ಮೇಣ. 60 ಡಿಗ್ರಿ ಆಸುಪಾಸಿನಲ್ಲಿ ಕರಗುತ್ತದೆ, ಅದಕ್ಕಿಂತ ಮೊದಲೇ ಮೆತ್ತಗಾಗುತ್ತದೆ. ಹೋದ ಬೇಸಿಗೆಯಲ್ಲಿ ಒಬ್ಬರು ಕುಮಟಾದಲ್ಲಿ ಊಟಕ್ಕೆ ನಿಲ್ಲಿಸಿ ಕಾರಿನ ಡ್ಯಾಶ್‌ಬೋರ್ಡಿನ ಮೇಲೆ ಬ್ಲಾಕಿನ ಪೊಟ್ಟಣ ಬಿಟ್ಟು ಹೋಗಿದ್ದರು. ಬಂದು ನೋಡಿದರೆ ಮೇಣ ಜಗ್ಗಿ, ತುಣುಕು ಒಂದು ಬದಿಗೆ ಸರಿದು ಕೂತಿತ್ತು. ಮತ್ತೆ ಅಚ್ಚು ಹಾಕಿ ಉಳಿಸಿಕೊಂಡೆವು. ನೀವು ಸ್ವೆಟರಿನಲ್ಲಿ ಸುತ್ತಿ ಸೀಟಿನ ಕೆಳಗೆ ನೆರಳಿನಲ್ಲಿ ಇಡಿ.